ಕ್ಲೆಜ್ಮರ್ ಬ್ಯಾಂಡಿನಲ್ಲಿ ಎರಡನೇ ಪಿಟೀಲು

ಯಹೂದಿಗಳ ಕ್ಲೆಜ್ಮರ್ ಸಂಗೀತ ನುಡಿಸುವವರು ‘ಫ್ರೈಗಿಷ್’ ಅನ್ನುವ ಸ್ವರಶ್ರೇಣಿ ಇದೆಯಲ್ಲ, ಅದರ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ವಕುಳಾಭರಣ ರಾಗದವೇ. ‘ಮಿ ಶೆಬೆರಾಖ್’ ಅನ್ನುವ ಇನ್ನೊಂದು ಶ್ರೇಣಿ ನಮ್ಮ ಹೇಮವತಿ. ಬಾಸ್ಟನ್ ಪಕ್ಕದ ನಮ್ಮೂರಿನ ಬ್ಯಾಂಡಿಗೆ ನಾನು ಸೇರಿಕೊಂಡಿದ್ದು ಈ ಧೈರ್ಯದ ಮೇಲೆಯೇ. ಮೈಸೂರಿನಲ್ಲಿ ಕಲಿತ ಪಿಟೀಲು ಕೈಯಲ್ಲಿತ್ತು, ರಾಗ ಗೊತ್ತಿತ್ತು, ಇನ್ನೇನು ಬೇಕು ಅಲ್ವಾ?

ಬೇಕಾಗಿದ್ದು ಬಹಳ ಇತ್ತು. ಮೊದಲು ನಿಂತು ನುಡಿಸಬೇಕು. ಪಿಟೀಲು ಗಲ್ಲದ ಕೆಳಗೆ, ತಂತಿಗಳ ಶ್ರುತಿ ಪಾಶ್ಚಾತ್ಯರದ್ದು. ಅದು ಅಭ್ಯಾಸದಿಂದ ಬಂತು. ಕಷ್ಟವಾದದ್ದು ಗಮಕ. ನಾವು ಸ್ವರವನ್ನು ತೂಗುತ್ತೇವೆ, ಜಾರಿಸುತ್ತೇವೆ. ಕ್ಲೆಜ್ಮರಿನ ಮುಖ್ಯ ಅಲಂಕಾರ ‘ಕ್ರೆಖ್ಟ್ಸ್’ ಹಾಗಲ್ಲ. ಅದು ಅಳುವವರ ಬಿಕ್ಕಿನ ಥರ ಸ್ವರವನ್ನು ತುಂಡು ಮಾಡುತ್ತದೆ. ಸ್ವರದ ಕೊನೆಯಲ್ಲಿ ಇನ್ನೊಂದು ಬೆರಳನ್ನು ಮೇಲಿನ ಜಾಗಕ್ಕೆ ಅರೆಬರೆ ತಾಗಿಸಿ, ಕಮಾನಿನ ಭಾರ ಅಲ್ಲೇ ಇಳಿಸಿಬಿಡಬೇಕು. ಇನ್ನೊಂದು ವಿಚಿತ್ರ: ಫ್ರೈಗಿಷ್ ಮಟ್ಟು ಷಡ್ಜದಿಂದ ಕೆಳಗಿಳಿದಾಗ ಆರನೇ ಸ್ವರವಾದ ಧೈವತ ಎಷ್ಟೋ ಸಲ ಚತುಶ್ರುತಿಯಾಗುತ್ತದೆ, ಅಂದರೆ ಅರ್ಧ ಸ್ವರ ಮೇಲೇರುತ್ತದೆ. ಮೇಳಕರ್ತ ರಾಗದ ಸ್ವರಪಟ್ಟಿ ಹಿಡಿದು ಹೊರಟರೆ ಅಲ್ಲಿ ಎಡವುತ್ತೀರಿ.

ಇದು ಪೂರ್ವ ಯುರೋಪಿನ, ಯಿದ್ದಿಶ್ ಮಾತಾಡುವ ಯಹೂದಿಗಳ ಮದುವೆಮನೆ ಸಂಗೀತ. ವಲಸೆ ಬಂದವರ ಜೊತೆ ಅಮೆರಿಕಕ್ಕೂ ಬಂತು. 1920ರ ದಶಕದಲ್ಲಿ ನಾಫ್ಟುಲೆ ಬ್ರಾಂಡ್‌ವೈನ್, ಡೇವ್ ಟಾರಸ್ ಅವರ ಕ್ಲಾರಿನೆಟ್ ನ್ಯೂಯಾರ್ಕಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಇಳಿಯಿತು. ಯುರೋಪಿನಲ್ಲಿ ಉಳಿದಿದ್ದ ವಾದ್ಯಗಾರರಲ್ಲಿ ಬಹಳ ಮಂದಿ ನಾಜಿಗಳ ನರಮೇಧದಲ್ಲಿ ಸತ್ತರು. ಅಮೆರಿಕದಲ್ಲಿ ಮುಂದಿನ ತಲೆಮಾರಿಗೆ ಇದರಲ್ಲಿ ಆಸಕ್ತಿ ಕಡಿಮೆಯಾಯಿತು. 1970ರ ದಶಕದಲ್ಲಿ ಕೆಲವರು ಆ ಹಳೇ ತಟ್ಟೆಗಳನ್ನು ಹುಡುಕಿ, ಕೇಳಿ ಕೇಳಿ ಕಲಿತರು. 1980ರಲ್ಲಿ ಹ್ಯಾಂಕಸ್ ನೆಟ್ಸ್ಕಿ ಇಲ್ಲೇ ಬಾಸ್ಟನ್ನಿನಲ್ಲಿ ಕ್ಲೆಜ್ಮರ್ ಕನ್ಸರ್ವೇಟರಿ ಬ್ಯಾಂಡ್ ಕಟ್ಟಿದರು. 1986ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಕ್ಲೆಜ್ಮ್ಯಾಟಿಕ್ಸ್ ಜಾಜ್, ರಾಕ್ ಎಲ್ಲ ಬೆರೆಸಿದರು. ಹಾಗಾಗಿ ಹೊಸ ಸದ್ದು ಸೇರಿಸುವುದು ನಾವು ಕಂಡುಹಿಡಿದ ವಿದ್ಯೆಯೇನಲ್ಲ.

ನಮ್ಮಲ್ಲಿ ಒಂದೇ ಕಟ್ಟುಪಾಡು. ಹೊಸದೇನಿದ್ದರೂ ಮಟ್ಟಿನ ಕೆಳಗೆ ಬರಬೇಕು, ಮಟ್ಟನ್ನು ಮುಟ್ಟಬಾರದು. ಕ್ಲಾರಿನೆಟ್ ನುಡಿಸುವಾಕೆ ಹಳೇ ತಟ್ಟೆಯಲ್ಲಿ ಇದ್ದಂತೆಯೇ, ಬಿಕ್ಕು ಸಮೇತ ನುಡಿಸುತ್ತಾಳೆ. ಬಾಸ್ ಗಿಟಾರ್, ಡ್ರಮ್ಸ್ ಮಾತ್ರ ಇಂದಿನವು. ‘ಬುಲ್ಗರ್’ ಕುಣಿತದಲ್ಲಿ ಎಂಟು ಅಕ್ಷರ ಮೂರು-ಮೂರು-ಎರಡಾಗಿ ಒಡೆಯುತ್ತದೆ. ತಕಿಟ ತಕಿಟ ತಕ, ಅಷ್ಟೇ. ಅದರ ಕೆಳಗೆ ಫಂಕ್ ಬಾಸ್ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಯಾರಿಗೂ ಅದು ಹೊರಗಿನದು ಅನ್ನಿಸುವುದಿಲ್ಲ.

ಜಾಸ್ತಿ ಜಗಳ ಆಗಿದ್ದು ಸ್ವರಮೇಳದ, ಅಂದರೆ ಮಟ್ಟಿನ ಕೆಳಗೆ ಹಲವು ಸ್ವರ ಒಟ್ಟಿಗೆ ನುಡಿಸುವ ಕಾರ್ಡುಗಳ ವಿಷಯದಲ್ಲಿ. ನಮ್ಮ ಅಕಾರ್ಡಿಯನ್ನಿನವನು ಜಾಜ್‌ನಿಂದ ಬಂದವನು. ಡಿ ಸ್ವರವನ್ನು ಷಡ್ಜವಾಗಿಟ್ಟ ಫ್ರೈಗಿಷ್ ಮಟ್ಟು ಮುಗಿಯುವಾಗ ಎ ಸೆವೆಂತ್ ಕಾರ್ಡ್ ಹಾಕಲು ಅವನ ಕೈ ತುಡಿಯುತ್ತದೆ. ಹಾಕಿದ ತಕ್ಷಣ ಮಟ್ಟು ಬೇರೆ ಯಾವುದೋ ಊರಿನದಾಗಿಬಿಡುತ್ತದೆ. ಸಿ ಮೈನರ್‌ನಿಂದ ಡಿ ಮೇಜರ್‌ಗೆ ಇಳಿದರೇ ಅದು ಕ್ಲೆಜ್ಮರ್. ‘ಎರಡೇ ಕಾರ್ಡಿನಲ್ಲಿ ಬೋರ್ ಆಗಲ್ವಾ?’ ಅಂತ ಅವನು ಈಗಲೂ ಗೊಣಗುತ್ತಾನೆ. ನನಗಂತೂ ಆಗುವುದಿಲ್ಲ. ಒಂದೇ ಷಡ್ಜದ ಮೇಲೆ ಗಂಟೆಗಟ್ಟಲೆ ಕೂತು ಬೆಳೆದವನು ನಾನು.

ನನ್ನ ಕೆಲಸ ಹೆಚ್ಚಾಗಿ ‘ಸೆಕುಂಡ್’. ಅಂದರೆ ಮಟ್ಟು ನುಡಿಸುವುದಲ್ಲ, ಎರಡು ತಂತಿ ಒಟ್ಟಿಗೆ ಹಿಡಿದು, ತಾಳದ ಎರಡು ತಟ್ಟುಗಳ ನಡುವೆ ಚುಟುಕಾಗಿ ತಾಳ ಕೊಡುವುದು. ಕಛೇರಿಯಲ್ಲಿ ಹಾಡುಗಾರರ ನೆರಳಿನಂತೆ ನುಡಿಸಿದವನಿಗೆ ಇದು ಶುರುವಿನಲ್ಲಿ ಸಪ್ಪೆ. ಈಗ ಇದೇ ಇಷ್ಟ. ಕ್ಲಾರಿನೆಟ್ ಎಷ್ಟು ಬೇಕಾದರೂ ತೇಲಲಿ, ಕುಣಿಯುವವರ ಕಾಲು ನನ್ನ ಕಮಾನಿನಲ್ಲಿರುತ್ತದೆ.

‘ದೊಯ್ನಾ’ ಬಂದಾಗ ಮಾತ್ರ ಡ್ರಮ್ಸ್ ಪೂರಾ ಬಂದ್. ರೊಮೇನಿಯಾ ಕಡೆಯಿಂದ ಬಂದ ಇದು ತಾಳವಿಲ್ಲದ ಪ್ರಕಾರ, ನಮ್ಮ ಆಲಾಪನೆಯ ಹಾಗೆ. ಕೆಳಗೆ ಒಂದು ಕಾರ್ಡ್ ಸುಮ್ನೆ ನಿಂತಿರುತ್ತದೆ. ಅಲ್ಲಿ ನನ್ನ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಇಟ್ಟು ನೋಡೋಣ ಅಂದಿದ್ದು ಕ್ಲಾರಿನೆಟ್‌ನಾಕೆಯೇ. ಪಂಚಮ ಇಟ್ಟು, ಸದ್ದು ತಗ್ಗಿಸಿ, ಸ್ವಲ್ಪ ರಿವರ್ಬ್ ಕೊಟ್ಟು ಬಿಟ್ಟೆ. ಕೇಳಿದವರು ಹಾರ್ಮೋನಿಯಂ ಎಲ್ಲಿ ಬಚ್ಚಿಟ್ಟಿದ್ದೀರಿ ಅಂತ ಕೇಳುತ್ತಾರೆ. ನುಡಿಸಿದ ತುಣುಕನ್ನೇ ಮತ್ತೆ ಮತ್ತೆ ನುಡಿಸುವ ಲೂಪ್ ಪೆಡಲ್ ಕೂಡ ಹಾಕಿ ನೋಡಿದೆವು. ಅದು ಹೊಂದಲಿಲ್ಲ. ಕುಣಿತ ಬಿಸಿಯಾದ ಹಾಗೆ ಬ್ಯಾಂಡಿನ ವೇಗವೂ ಏರುತ್ತದೆ, ಪೆಡಲ್ ಏರುವುದಿಲ್ಲ.

ಈಗ ‘ಶೆರ್’ ಕಟ್ಟುತ್ತಿದ್ದೇವೆ. ನಾಲ್ಕು ಜೋಡಿ ಚೌಕವಾಗಿ ನಿಂತು ಕುಣಿಯುವ ಕುಣಿತ. ಎಲ್ಲ ಜೋಡಿಗಳ ಸರದಿ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಹಳೇ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷ ಸಿಕ್ಕರೆ ಹೆಚ್ಚು. ಅದಕ್ಕೆ ಹಲವು ಮಟ್ಟು ಪೋಣಿಸಿ, ನಡುವೆ ಕ್ಲಾರಿನೆಟ್ ಉಸಿರು ತೆಗೆದುಕೊಳ್ಳಲು ಡ್ರಮ್ಸ್, ಬಾಸ್ ಎರಡೇ ನುಡಿಸುವ ಜಾಗ ಬಿಟ್ಟಿದ್ದೇವೆ. ಆ ಜಾಗದಲ್ಲಿ ಮೃದಂಗದವರ ಮುಕ್ತಾಯದಂಥ ಒಂದು ಚಿಕ್ಕ ‘ತೀರ್ಮಾನ’ ಹಾಕಲು ಡ್ರಮ್ಸ್‌ನವನಿಗೆ ಹೇಳಿಕೊಡುತ್ತಿದ್ದೇನೆ. ಮೂರು ಸಲ ಬಂದು ಸಮಕ್ಕೆ, ಅಂದರೆ ತಾಳದ ಮೊದಲ ತಟ್ಟಿಗೆ ಬೀಳುತ್ತದೆ ಅಂತ ಅವನಿಗೆ ಗೊತ್ತಾಗಿದೆ. ಕುಣಿಯುವವರಿಗೆ ಗೊತ್ತಾಗಿ ಕಾಲು ತಪ್ಪದಿದ್ದರೆ ಅದನ್ನು ಉಳಿಸಿಕೊಳ್ಳುತ್ತೇವೆ.