ಅಂಗಳದಲ್ಲಿ ಕಟ್ಟಿದ ಮೋಟಾರು ದೋಣಿ

ಹೊಳೆಯಲ್ಲಿ ಓಡಾಡಲು ಒಂದು ಮೋಟಾರು ದೋಣಿ ಇದ್ದರೆ ಸಾಕು ಎನ್ನುವವರು ಅದನ್ನು ಕಟ್ಟುವ ಗೊಡವೆಗೆ ಹೋಗಬಾರದು. ಫೈಬರ್ ದೋಣಿ ಸಿದ್ಧವಾಗಿಯೇ ಸಿಗುತ್ತದೆ, ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿದರೆ ಅಗ್ಗವೂ ಹೌದು. ನನ್ನದು ಬೇರೆಯೇ ಚಟ. ಶಾಲೆಯಲ್ಲಿ ವರ್ಷಗಟ್ಟಲೆ ಆರ್ಕಿಮಿಡೀಸನ ತತ್ವ ಪಾಠ ಮಾಡಿದವನಿಗೆ ಒಮ್ಮೆಯಾದರೂ ಆ ತತ್ವವನ್ನು ನಂಬಿ ನೀರಿನ ಮೇಲೆ ಕೂರಬೇಕು ಅನ್ನಿಸಿತ್ತು. ಮನೆ ಹೊನ್ನಾವರದ ಬದಿಯಲ್ಲಿ, ಶರಾವತಿಗೆ ನಡೆದು ಹೋಗುವಷ್ಟು ಹತ್ತಿರ. ಮಳೆ ಮುಗಿದ ಮೇಲೆ ಅಂಗಳಕ್ಕೆ ಅಡಿಕೆ ಚಪ್ಪರ ಹೇಗೂ ಏಳುತ್ತದೆ. ಅದರ ನೆರಳಿನಲ್ಲಿ ಹದಿನಾಲ್ಕು ಅಡಿ ಜಾಗ ಕೇಳಿದರೆ ಮನೆಯವರು ಇಲ್ಲ ಎನ್ನಲಿಲ್ಲ.

ದೋಣಿಯ ಆಕಾರವನ್ನು ಮೊದಲು ಹೊಳೆಯನ್ನು ಕೇಳಬೇಕು. ಹೊನ್ನಾವರದ ಅಳಿವೆಯ ಹತ್ತಿರ ಶರಾವತಿ ತುಂಬ ಅಗಲ. ಇಳಿತದ ಹೊತ್ತಿಗೆ ಮರಳದಿಬ್ಬಗಳು ಮೇಲೇಳುತ್ತವೆ, ಮಧ್ಯಾಹ್ನದ ನಂತರ ಸಮುದ್ರದ ಗಾಳಿ ಬೀಸತೊಡಗಿದರೆ ಸಣ್ಣ ಸಣ್ಣ ಚೂಪು ಅಲೆಗಳು ಏಳುತ್ತವೆ. ಮೇಲಕ್ಕೆ, ಹೈಗುಂದದ ಕಡೆ ಹೋದಂತೆ ನೀರು ಶಾಂತ. ಆದ್ದರಿಂದ ತಳ ಆಳಕ್ಕಿಳಿಯಬಾರದು, ಬದಿಗಳು ಎತ್ತರವಿರಬೇಕು, ಮೂತಿ ಅಲೆಯನ್ನು ಸೀಳಬೇಕು. ನಾನು ನಿಶ್ಚಯಿಸಿದ್ದು 14 ಅಡಿ ಉದ್ದ, ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರು, ಮುಂದೆ ‘ವಿ’ ಆಕಾರವಿದ್ದು ಹಿಂದೆ ಹೋದಂತೆ ಚಪ್ಪಟೆಯಾಗುವ ತಳ.

ನಕ್ಷೆಯನ್ನು ನಮ್ಮ ಊರಿನ ಹಿರಿಯ ದೋಣಿ ಆಚಾರಿಯೊಬ್ಬರಿಗೆ ತೋರಿಸಿದೆ. ಅವರು ಮೊದಲು ಬೆರಳಿಟ್ಟದ್ದು ಹಿಂಭಾಗದ ಮೇಲೆ. “ಹಿಂದೆ ಚೂಪು ಮಾಡುವುದಿಲ್ಲವೇ ಮಾಸ್ತರೇ? ಇಷ್ಟು ಅಗಲ ಬಿಟ್ಟರೆ ದೋಣಿ ನೀರನ್ನು ಎಳೆದುಕೊಂಡೇ ಹೋಗುತ್ತದಲ್ಲ?” ಎಂದರು. ಹುಟ್ಟು ಹಾಕುವ ದೋಣಿಯ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ಸರಿ. ಪಾತಿ ದೋಣಿ ಎರಡೂ ತುದಿಯಲ್ಲಿ ಚೂಪಾಗಿರುವುದು ಸುಮ್ಮನೆ ಚಂದಕ್ಕಲ್ಲ. ನಿಧಾನಕ್ಕೆ ಸಾಗುವಾಗ ಸೀಳಿದ ನೀರು ಹಿಂದೆ ಸದ್ದಿಲ್ಲದೆ ಕೂಡಿಕೊಳ್ಳಬೇಕು. ಆದರೆ ಅಂಥ ದೋಣಿಗೆ ವೇಗದ ಮಿತಿಯೊಂದಿದೆ. ನೀರುಗೆರೆಯ, ಅಂದರೆ ತೇಲುವಾಗ ನೀರಿನ ಮಟ್ಟ ಒಡಲನ್ನು ಮುಟ್ಟುವ ಗೆರೆಯ, ಉದ್ದವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ಹಡಗಿನವರ ಗಂಟು (ನಾಟ್) ಲೆಕ್ಕದಲ್ಲಿ ಸಿಗುತ್ತದೆ. 13 ಅಡಿಯ ನೀರುಗೆರೆಗೆ ಅದು 4.8 ಗಂಟು, ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರಿನ ಆಸುಪಾಸು. ಅದಕ್ಕಿಂತ ಜೋರಾಗಿ ತಳ್ಳಿದರೆ ದೋಣಿ ತಾನೇ ಎಬ್ಬಿಸಿದ ಅಲೆಯ ಹೊಂಡಕ್ಕೆ ಬೆನ್ನು ಕೊಟ್ಟು ಕೂರುತ್ತದೆ, ಪೆಟ್ರೋಲು ಉರಿಯುತ್ತದೆ, ಮೂತಿ ಆಕಾಶ ನೋಡುತ್ತದೆ. ಆ ಮಿತಿ ದಾಟಲು ದೋಣಿ ನೀರಿನ ಮೇಲಕ್ಕೆ ಎದ್ದು ಜಾರಬೇಕು. ಏಳಲು ಹಿಂದೆ ಅಗಲವಾದ ಚಪ್ಪಟೆ ತಳ ಬೇಕು, ಆ ತಳ ಕೊನೆಯವರೆಗೂ ನೆಟ್ಟಗಿರಬೇಕು. ಹಿಂದೆ ಸ್ವಲ್ಪ ಮೇಲಕ್ಕೆ ಬಾಗಿದ್ದರೂ ನೀರು ಅದನ್ನು ಕೆಳಗೆ ಹೀರಿ ಹಿಡಿಯುತ್ತದೆ. ಆಚಾರಿಯವರು ಎಲ್ಲ ಕೇಳಿ, “ಹಾಗಾದರೆ ಇದು ಹುಟ್ಟಿಗೆ ಆಗಿಬರುವುದಿಲ್ಲ” ಎಂದರು. ಅದೂ ನಿಜವೇ. ಮೋಟಾರು ಕೈಕೊಟ್ಟ ದಿನ ಇದನ್ನು ಹುಟ್ಟಿನಲ್ಲಿ ತರುವುದು ತೋಳಿಗೆ ಶಿಕ್ಷೆ.

ಇನ್ನು ತೂಕ. ನನ್ನ ಪ್ರಕಾರ ಸಣ್ಣ ಮೋಟಾರು ದೋಣಿಯ ವಿನ್ಯಾಸವೆಂದರೆ ಮುಕ್ಕಾಲು ಪಾಲು ತೂಕದ ಪಟ್ಟಿಯೇ. ದೋಣಿಯ ಒಡಲು 120 ಕಿಲೋ, ಮೋಟಾರು 40, ಪೆಟ್ರೋಲು ತುಂಬಿದ ಟ್ಯಾಂಕು 25, ಮೂವರು ಜನ 210, ಲಂಗರು, ಹಗ್ಗ, ಹುಟ್ಟು, ಲೈಫ್ ಜಾಕೆಟ್ ಸೇರಿ 25. ಒಟ್ಟು 420 ಕಿಲೋ. ಅಷ್ಟೇ ತೂಕದ ನೀರನ್ನು ದೋಣಿ ಪಕ್ಕಕ್ಕೆ ಸರಿಸಬೇಕು. ನನ್ನ ನಕ್ಷೆಯಲ್ಲಿ ನೀರುಗೆರೆಯ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ 3.6 ಚದರ ಮೀಟರ್ ಬಂದಿತ್ತು. ಹಾಗಾಗಿ ಸರಾಸರಿ 12 ಸೆಂಟಿಮೀಟರ್ ಮುಳುಗುತ್ತದೆ, ಆಮೇಲೆ 36 ಕಿಲೋ ಹೆಚ್ಚಾದಾಗಲೆಲ್ಲ ಇನ್ನೊಂದು ಸೆಂಟಿಮೀಟರ್. ಆದರೆ ಸರಾಸರಿ ಸಾಲದು. ಮೋಟಾರು ಹಿಂದೆ, ಅದನ್ನು ಹಿಡಿದು ಓಡಿಸುವವನೂ ಹಿಂದೆ. ತೂಕ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದೇ ಮುಖ್ಯ.

ಅದನ್ನು ನೋಡಲು ಹತ್ತರಲ್ಲಿ ಒಂದು ಅಳತೆಯ ರಟ್ಟಿನ ದೋಣಿ ಮಾಡಿದೆ. ಅಂಚುಗಳಿಗೆ ಮೇಣದ ಬತ್ತಿ ಕರಗಿಸಿ ಹೊಯ್ದೆ. ಉದ್ದ ಹತ್ತನೆಯ ಒಂದಾದರೆ ತೂಕ ಸಾವಿರದ ಒಂದು ಪಾಲು, ಅಂದರೆ 420 ಕಿಲೋ ಇಲ್ಲಿ 420 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ರಟ್ಟಿನ ಒಡಲು 120 ಗ್ರಾಂ ತೂಗಬೇಕಿತ್ತು, ಕಡಿಮೆ ಬಿದ್ದದ್ದನ್ನು ತಳದ ತುಂಬ ಅಕ್ಕಿ ಹರಡಿ ಸರಿದೂಗಿಸಿದೆ. ಹತ್ತು ರೂಪಾಯಿಯ ಒಂಬತ್ತು ನಾಣ್ಯ ಸೇರಿದರೆ 70 ಗ್ರಾಂ ಹತ್ತಿರ, ಅದೇ ಒಬ್ಬ ಮನುಷ್ಯ. ಐದು ನಾಣ್ಯ ಮೋಟಾರು. ಬಟ್ಟೆ ಒಗೆಯುವ ಟಬ್ಬಿನಲ್ಲಿ ತೇಲಿಸಿ, ಮೋಟಾರನ್ನೂ ಚಾಲಕನನ್ನೂ ಹಿಂದಕ್ಕೆ ಇಟ್ಟ ಕೂಡಲೇ ಮೂತಿ ಎದ್ದಿತು, ಹಿಂದಿನ ಅಂಚಿಗೂ ನೀರಿಗೂ ನಡುವೆ ಉಳಿದ ಎತ್ತರ ಕಣ್ಣಿಗೇ ಕಾಣುವಷ್ಟು ಕಡಿಮೆಯಾಯಿತು. ಮೂರು ನಾಣ್ಯದ ಪೆಟ್ರೋಲ್ ಟ್ಯಾಂಕನ್ನು ಹಿಂದಿನಿಂದ ಎತ್ತಿ ಮುಂದಿನ ಆಸನದ ಕೆಳಗೆ ಇಟ್ಟೆ. ಅರ್ಧದಷ್ಟು ಸರಿಹೋಯಿತು. ಮಧ್ಯದ ಆಸನವನ್ನು ಒಂದು ಬೆರಳಿನಷ್ಟು ಮುಂದೆ ಸರಿಸಿದೆ, ಉಳಿದದ್ದೂ ಸರಿಹೋಯಿತು. ನಿಜವಾದ ದೋಣಿಯಲ್ಲಿ ಇದಕ್ಕೆ ತಗಲಿದ್ದು ಉದ್ದನೆಯ ಪೆಟ್ರೋಲ್ ಕೊಳವೆಯೊಂದೇ.

ಮರದ ವಿಷಯ. ಈ ಭಾಗದಲ್ಲಿ ದೋಣಿಗೆ ಹೆಬ್ಬಲಸು ಎಂದರೆ ಎರಡು ಮಾತಿಲ್ಲ. ಒಳ್ಳೆಯ ಹಲಗೆಯ ಬೆಲೆ ಕೇಳಿದ ಮೇಲೆ ಅದನ್ನು ತಳದ ನಡುಗಂಬಿ, ಮೇಲಂಚಿನ ಪಟ್ಟಿ, ಹಿಂದಿನ ಮೂಲೆಗಟ್ಟುಗಳಿಗಷ್ಟೇ ಇಟ್ಟುಕೊಂಡು ಉಳಿದದ್ದಕ್ಕೆ ಐಎಸ್ 710 ಎಂಬ ಭಾರತೀಯ ಮಾನದಂಡದ ಗುರುತಿನ ಮರೈನ್ ಪ್ಲೈವುಡ್ ತಂದೆ. ತಳಕ್ಕೆ 9 ಮಿಲಿಮೀಟರ್, ಬದಿಗೆ 6. ಗುರುತನ್ನು ಯಾರು ಬೇಕಾದರೂ ಒತ್ತಬಹುದು, ಹಾಗಾಗಿ ಅಂಗಡಿಯಲ್ಲಿ ಒಂದು ತುಂಡು ಕೇಳಿ ತಂದು ಬಚ್ಚಲ ಒಲೆಯ ಹಂಡೆಯಲ್ಲಿ ಬೇಯಿಸಿದೆ. ಮಾನದಂಡದ ಪ್ರಕಾರ 72 ಗಂಟೆ ಕುದಿಯಬೇಕು. ಸ್ನಾನದ ನೀರಿನ ಜೊತೆ ಬೆಂದ ಆ ತುಂಡಿನ ಪದರಗಳ ನಡುವೆ ಉಳಿ ಹಾಕಿ ಮೀಟಿದೆ. ಮರ ಸಿಗಿಯಿತೇ ಹೊರತು ಅಂಟು ಬಿಡಲಿಲ್ಲ. ಅದೇ ಅಂಗಡಿಗೆ ಹೋಗಿ ಹಾಳೆಗಳನ್ನು ಹೇಳಿದೆ.

ಎಂಟು ಅಡಿಯ ಹಾಳೆಗಳನ್ನು ಹದಿನಾಲ್ಕು ಅಡಿಗೆ ಜೋಡಿಸಲು ಎರಡರ ಅಂಚನ್ನೂ ದಪ್ಪದ ಎಂಟು ಪಟ್ಟು ಇಳಿಜಾರಾಗಿ ಹೆರೆಯಬೇಕು, 9 ಮಿಲಿಮೀಟರಿಗೆ 72. ಹಾಳೆಗಳನ್ನು ಮೆಟ್ಟಿಲಿನ ಹಾಗೆ ಒಂದರ ಹಿಂದೆ ಒಂದು ಸರಿಸಿ ಪೇರಿಸಿ, ಎಲ್ಲದರ ಮೇಲೂ ಒಟ್ಟಿಗೆ ಕೀಸುಳಿ ಹೊಡೆದೆ. ಹೆರೆದಂತೆಲ್ಲ ಪ್ಲೈವುಡ್ಡಿನ ಪದರಗಳು ತಿಳಿ, ಕಡು, ತಿಳಿ ಎಂದು ಪಟ್ಟೆಪಟ್ಟೆಯಾಗಿ ಹೊರಬೀಳುತ್ತವೆ. ಪಟ್ಟೆ ನೆಟ್ಟಗಿದ್ದರೆ ಇಳಿಜಾರು ಸಮ, ಎಲ್ಲಿ ಡೊಂಕಾಯಿತೋ ಅಲ್ಲಿ ಉಬ್ಬೋ ತಗ್ಗೋ ಇದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಟ್ಟಗೋಲು ಬೇಕಿಲ್ಲ. ಇಡೀ ದೋಣಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸ ಇದು.

ಆಮೇಲೆ ಹೊಲಿಗೆ. ಪಶ್ಚಿಮ ಕರಾವಳಿಯಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಕಟ್ಟುವುದು ಬಹಳ ಹಳೆಯ ಪದ್ಧತಿ. ಪ್ಲೈವುಡ್ಡನ್ನು ತಾಮ್ರದ ತಂತಿಯಿಂದ ಹೊಲಿಯುವುದು 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ‘ಮಿರರ್’ ಎಂಬ ಪುಟ್ಟ ಹಾಯಿದೋಣಿಯಿಂದ ಜನಪ್ರಿಯವಾಯಿತು. ಹುರಿಯ ದೋಣಿಯಲ್ಲಿ ಹೊಲಿಗೆಯೇ ಕೊನೆಯವರೆಗೂ ಹಲಗೆಗಳನ್ನು ಹಿಡಿದಿಡುತ್ತದೆ. ಇಲ್ಲಿ ತಂತಿಯದು ಬರೀ ನಿಶ್ಚಿತಾರ್ಥದ ಕೆಲಸ, ಮೂಲೆಗಳಿಗೆ ತುಂಬಿದ ಎಪಾಕ್ಸಿ ಅಂಟು ಗಟ್ಟಿಯಾದ ಮೇಲೆ ತಂತಿಯನ್ನು ಎಳೆದು ತೆಗೆಯುತ್ತೇವೆ. ಎಪಾಕ್ಸಿಗೆ ಮರದ ಹಿಟ್ಟನ್ನೂ ಸಿಲಿಕಾ ಪುಡಿಯನ್ನೂ ಕಲಸಿ, ಬಳಿದರೆ ಜಾರದಷ್ಟು ಗಟ್ಟಿ ಮಾಡಿ, ಒಳಮೂಲೆಗಳಿಗೆ ದುಂಡಗೆ ತುಂಬಿ, ಮೇಲೆ ಗಾಜಿನ ನಾರಿನ ಪಟ್ಟಿ ಹಚ್ಚಬೇಕು. ನಮ್ಮ ಸೆಕೆಯಲ್ಲಿ ಎಪಾಕ್ಸಿಯನ್ನು ಮಗ್ಗಿನಲ್ಲಿ ಕಲಸಿ ಹಾಗೇ ಬಿಟ್ಟರೆ ಅದು ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡುತ್ತದೆ. ಕಲಸಿದ ತಕ್ಷಣ ಅಗಲ ತಟ್ಟೆಗೆ ಸುರಿಯಬೇಕು, ಕೆಲಸ ಬೆಳಿಗ್ಗೆಯೇ ಮುಗಿಸಬೇಕು. ಗಾಳಿಯಲ್ಲಿ ತೇವವಿದ್ದ ದಿನ ಗಟ್ಟಿಯಾದ ಮೇಲ್ಮೈಯಲ್ಲಿ ಜಿಡ್ಡಿನಂಥ ಪೊರೆ ಕೂರುತ್ತದೆ. ಅದನ್ನು ನೀರಿನಲ್ಲಿ ತೊಳೆಯದೆ ಉಪ್ಪುಕಾಗದ ಹಾಕಿದರೆ ಪೊರೆ ಇನ್ನಷ್ಟು ಒಳಕ್ಕೆ ಸೇರಿ ಮುಂದಿನ ಪದರ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಮೋಟಾರು ಕೂರುವ ಹಿಂದಿನ ಅಡ್ಡಹಲಗೆಗೆ ಪ್ಲೈವುಡ್ ಪದರಗಳನ್ನು ಅಂಟಿಸಿ ದಪ್ಪ ಮಾಡಿ, ಸುಮಾರು 12 ಡಿಗ್ರಿ ಹಿಂದಕ್ಕೆ ವಾಲಿಸಿದೆ. ಅದರ ಎತ್ತರ ಮೋಟಾರಿನ ಕಾಲಿಗೆ, ಅಂದರೆ ನೀರಿಗಿಳಿಯುವ ಕೆಳಭಾಗಕ್ಕೆ, ಹೊಂದಬೇಕು: ಗಿಡ್ಡ ಕಾಲಿನದಕ್ಕೆ 15 ಇಂಚು, ಉದ್ದ ಕಾಲಿನದಕ್ಕೆ 20. ಆ ಕಾಲಿನಲ್ಲಿ ನೀರನ್ನು ತಳ್ಳುವ ಪಂಖದ ಮೇಲಿನ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟಕ್ಕೋ ಅದಕ್ಕಿಂತ ತುಸು ಕೆಳಗೋ ಬರಬೇಕು. ಮೇಲೆ ಹೋದರೆ ಪಂಖ ಗಾಳಿ ನುಂಗುತ್ತದೆ, ತುಂಬ ಕೆಳಗಾದರೆ ನೀರು ತಡೆಯುತ್ತದೆ. ಆಸನಗಳ ಕೆಳಗೆ ಫೋಮ್ ತುಂಬಿ ಮುಚ್ಚಿದ್ದೇನೆ. ಅಲ್ಲಿ ಥರ್ಮೋಕೋಲ್ ಬೇಡ, ಪೆಟ್ರೋಲು ಸೋಕಿದರೆ ಅದು ಕರಗಿಹೋಗುತ್ತದೆ.

ಇಬ್ಬರಿದ್ದಾಗ ದೋಣಿ ಎದ್ದು ಓಡುತ್ತದೆ, ಮೊಬೈಲಿನ ಲೆಕ್ಕದಲ್ಲಿ ಗಂಟೆಗೆ 25 ಕಿಲೋಮೀಟರ್ ದಾಟುತ್ತದೆ. ಮೂವರಾದರೆ ಏಳಲೋ ಬೇಡವೋ ಎಂದು ಯೋಚಿಸುತ್ತದೆ. 420 ಕಿಲೋಗೆ 9.9 ಅಶ್ವಶಕ್ತಿಯಿಂದ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವೂ ಅಲ್ಲ. ಯಂತ್ರವಿದ್ದ ಮೇಲೆ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿಯೂ ಆಗಬೇಕು. ಅದಕ್ಕೆ ನಕ್ಷೆ, ಅಳತೆ, ತೂಕದ ಪಟ್ಟಿ ಎಲ್ಲವನ್ನೂ ಒಂದು ಕಡತದಲ್ಲಿ ಇಟ್ಟುಕೊಂಡಿದ್ದರೆ ಒಳ್ಳೆಯದು.

ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಮೇಲೆತ್ತಿ, ತಿರುಪುಗಳ ತೂತುಗಳನ್ನು ಒಂದೊಂದಾಗಿ ನೋಡುತ್ತೇನೆ. ಪ್ಲೈವುಡ್ಡಿಗೆ ನೀರು ಹೊಗುವುದು ಅಲ್ಲಿಂದಲೇ. ಹಿಂದಿನ ಹಲಗೆಯ ಬುಡದಲ್ಲಿ ಮಳೆನೀರು ಬಸಿಯುವ ತೂತೊಂದಿದೆ, ಅದಕ್ಕೊಂದು ಬಿರಡೆ. ದಡದಲ್ಲಿರುವಾಗ ಬಿರಡೆಯನ್ನು ಮೋಟಾರಿನ ಸುರಕ್ಷತಾ ಹಗ್ಗಕ್ಕೆ ಕಟ್ಟಿ ಇಟ್ಟಿರುತ್ತೇನೆ. ಆ ಹಗ್ಗ ಸಿಕ್ಕಿಸದೆ ಮೋಟಾರು ಚಾಲೂ ಆಗುವುದಿಲ್ಲ, ಹಗ್ಗಕ್ಕೆ ಕೈಹಾಕಿದರೆ ಮೊದಲು ಕೈಗೆ ಬರುವುದು ಬಿರಡೆಯೇ.