ಸಹಿಗೆ ಮೊದಲು ಕೇಳುವ ಪ್ರಶ್ನೆ

ಪುಣೆಯ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಅಕ್ಕಲಕೋಟೆ, ಆಳಂದ, ಇಂಡಿ ಕಡೆಯ ಕನ್ನಡ ಮಾತಾಡುವ ರೋಗಿಗಳು ಬಹಳ ಬರುತ್ತಾರೆ. ಒಪ್ಪಿಗೆ ಪತ್ರ ಮಾತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ.

ಆಪರೇಷನ್ನಿನ ಹಿಂದಿನ ಸಂಜೆ, ನಿದ್ದೆ ಮಾತ್ರೆ ಕೊಡುವ ಮೊದಲೇ, ಆ ಪತ್ರ ಹಿಡಿದು ರೋಗಿಯ ಪಕ್ಕ ಕೂರುತ್ತೇನೆ. ಮಂಪರಿನಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟಿಗೆ ಬೆಲೆಯಿಲ್ಲ. "ತಿಳಿಯಿತೇ?" ಎಂದು ಕೇಳುವುದಿಲ್ಲ, ಹಾಗೆ ಕೇಳಿದರೆ ನಮ್ಮ ಜನ ಹೂಂ ಎಂದೇ ಅನ್ನುತ್ತಾರೆ. "ನಾಳೆ ನಿಮಗೆ ಏನು ಮಾಡುತ್ತಾರೆ, ನೀವೇ ಹೇಳಿ" ಎನ್ನುತ್ತೇನೆ.

ವಾಕಡ್ ಕಡೆ ಕಟ್ಟಡ ಕೆಲಸಕ್ಕೆ ಹೋಗುವ ಹೆಂಗಸೊಬ್ಬರು ಪಿತ್ತಕೋಶದ ಕಲ್ಲಿಗಾಗಿ ದಾಖಲಾಗಿದ್ದರು. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಮಗ ಕನ್ನಡಕ್ಕೆ ತಿರುಗಿಸಿದ್ದ. "ಮೂರು ತೂತು ಮಾಡಿ ಕಲ್ಲು ತೆಗೆಯುತ್ತಾರಂತೆ, ಸಿಸ್ಟರ್" ಎಂದರು ಆಕೆ. ಪಿತ್ತಕೋಶವನ್ನೇ ತೆಗೆಯುತ್ತಾರೆ, ಸಣ್ಣ ತೂತಿನಿಂದ ಒಳಗಿಳಿಸುವ ದುರ್ಬೀನಿನಿಂದ ಆಗದಿದ್ದರೆ ಹೊಟ್ಟೆ ಕೊಯ್ಯಬೇಕಾಗಬಹುದು ಎಂಬ ಎರಡೂ ಮಾತನ್ನು ಮಗ ನುಂಗಿದ್ದ. ಅವ್ವ ಹೆದರುತ್ತಾಳೆಂಬ ಪ್ರೀತಿಯಿಂದಲೇ ಇರಬೇಕು. ಆದರೆ ಹೊಟ್ಟೆ ಅವ್ವನದು.

ಆಪರೇಷನ್ ವಿವರಿಸುವುದು ಸರ್ಜನ್ನರ ಕೆಲಸ. ಆ ಜಾಗಕ್ಕೆ ನಾನು ಹೋಗುವುದಿಲ್ಲ; ಅವರನ್ನೇ ಮತ್ತೆ ಕರೆಸಿ, ಮಾತು ಮಾತಿಗೂ ಕನ್ನಡದಲ್ಲಿ ಹೇಳುತ್ತೇನೆ. ಆ ದಿನ ಡಾಕ್ಟರರಿಗೆ ಸಿಟ್ಟು ಬಂತು. "ಮಗ ಸಹಿ ಮಾಡಿದ್ದಾನಲ್ಲ" ಎಂದರು. ಪ್ರಜ್ಞೆಯಿರುವ ವಯಸ್ಕ ರೋಗಿಯ ಬದಲು ಮಗನಾಗಲಿ ಗಂಡನಾಗಲಿ ಒಪ್ಪಲಾಗದು ಎಂದು ಮೆಲ್ಲಗೆ ಹೇಳಿದೆ. 2008ರ ಸಮೀರಾ ಕೊಹ್ಲಿ ಪ್ರಕರಣ ನಮ್ಮ ವಾರ್ಡಿನ ಎಲ್ಲರಿಗೂ ಗೊತ್ತಿರಬೇಕಾದದ್ದು: ಲ್ಯಾಪರೊಸ್ಕೋಪಿ, ಅಂದರೆ ಅದೇ ದುರ್ಬೀನಿನ ತಪಾಸಣೆಗೆಂದು ಮಲಗಿದ್ದ ಮಹಿಳೆಗೆ ಅರಿವಳಿಕೆಯಲ್ಲಿದ್ದಾಗಲೇ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದಿದ್ದರು. ಜೀವಕ್ಕೆ ತುರ್ತು ಅಪಾಯವಿರದಿದ್ದಾಗ ಅಂಥ ಒಪ್ಪಿಗೆ ಸಲ್ಲದು ಎಂದಿತು ಸುಪ್ರೀಂ ಕೋರ್ಟ್. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ತಿಳಿವಳಿಕೆಯ ಒಪ್ಪಿಗೆ ಇದೆ. ಗೋಡೆಗೆ ತೂಗುಹಾಕಿದ ಸನ್ನದನ್ನು ಓದುವವರು ಕಡಿಮೆ, ಓದಲು ಬಾರದವರೇ ಹೆಚ್ಚು.

ಎಲ್ಲ ಕೇಳಿದ ಮೇಲೆ ಆಕೆ ಹೆದರಲಿಲ್ಲ, ಲೆಕ್ಕ ಹಾಕಿದರು. "ಹೊಟ್ಟೆ ಕೊಯ್ದರೆ ಎಷ್ಟು ದಿನ ಬುಟ್ಟಿ ಹೊರಬಾರದು?" ತಿಂಗಳಿಗೂ ಹೆಚ್ಚು ಎಂದರು ಡಾಕ್ಟರು. ಹಾಗಾದರೆ ಮೇಸ್ತ್ರಿಯಿಂದ ಬರಬೇಕಾದ ಬಾಕಿ ಕೂಲಿ ವಸೂಲಾದ ಮೇಲೆ ಬರುತ್ತೇನೆ, ಅಲ್ಲಿಯವರೆಗೆ ಕಾಯಬಹುದೇ ಎಂದು ಕೇಳಿದರು. ನೋವಿಲ್ಲ, ಜ್ವರವಿಲ್ಲ, ಕಾಮಾಲೆಯಿಲ್ಲ; ಕಾಯಬಹುದಿತ್ತು. ರಜೆ ಹಾಕಿ ಬಂದಿದ್ದ ಮಗ ನನ್ನನ್ನು ದುರುಗುಟ್ಟಿ ನೋಡಿದ. ಮರುದಿನದ ಆಪರೇಷನ್ ಥಿಯೇಟರಿನ ಪಟ್ಟಿ ಬದಲಾಯಿತು, ವಾರ್ಡಿನ ಆಯಾ ಮಾವಶಿಯೂ ಗೊಣಗಿದಳು.

ಹೊಟ್ಟೆನೋವು, ಜ್ವರ, ಕಣ್ಣು ಹಳದಿ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಬರಬೇಕೆಂದು ಆಕೆಯ ಬಾಯಿಂದಲೇ ಹೇಳಿಸಿದೆ. ಯಾರು, ಯಾವ ಭಾಷೆಯಲ್ಲಿ, ಎಷ್ಟು ಗಂಟೆಗೆ ವಿವರಿಸಿದರು, ರೋಗಿ ಏನು ಕೇಳಿದರು ಎಂಬುದನ್ನು ನರ್ಸಿಂಗ್ ದಾಖಲೆಯಲ್ಲಿ ಬರೆದು, ರಾತ್ರಿ ಪಾಳಿಯವಳಿಗೆ ವಾರ್ಡು ಒಪ್ಪಿಸಿದೆ.