ಒಡಂಬಡಿಕೆ ಮತ್ತು ಸುನ್ನತಿಯ ಅಧ್ಯಾಯಗಳನ್ನು ಓದುವ ಬಗೆ

ಬೈಬಲ್ ಅಧ್ಯಯನಕ್ಕೆ ಕುಳಿತವರಲ್ಲಿ ಅನೇಕರು ಸುನ್ನತಿಯ ಪ್ರಸ್ತಾಪ ಬಂದ ಕೂಡಲೇ ಸಂಕೋಚದಿಂದ ಪುಟ ಮಗುಚುತ್ತಾರೆ. ಮುಂದೆ ಅಪೊಸ್ತಲನಾದ ಪೌಲನ ಪತ್ರಗಳಲ್ಲಿ ಅದೇ ಮಾತು ಮತ್ತೆ ಎದುರಾದಾಗ, ಯೆಹೂದ್ಯರದು ಬರಿಯ ದೇಹದ ಆಚರಣೆ, ಕ್ರೈಸ್ತರದು ಹೃದಯದ ನಂಬಿಕೆ ಎಂಬ ಸುಲಭ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಈ ತೀರ್ಮಾನ ತಪ್ಪು. ಅದು ತಪ್ಪೆಂಬುದು ಗ್ರಂಥಭಾಗಗಳನ್ನು ಅವುಗಳ ಕ್ರಮದಲ್ಲಿಯೇ ಓದಿದರೆ ತಾನಾಗಿ ತಿಳಿಯುತ್ತದೆ. ಒಬ್ಬರೇ ಆಗಲಿ, ನಾಲ್ಕೈದು ಜನರ ಗುಂಪಾಗಲಿ, ಐದಾರು ಸಲ ಕುಳಿತು ಓದಿ ಮುಗಿಸಬಹುದಾದ ಒಂದು ದಾರಿಯನ್ನು ಇಲ್ಲಿ ಸೂಚಿಸಿದ್ದೇನೆ. ಒಂದು ಕನ್ನಡ ಬೈಬಲ್, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇದ್ದರೆ ಸಾಕು. ಪೌಲನ ಪತ್ರಗಳನ್ನು ಮಾತ್ರ ಮೊದಲೇ ತೆರೆಯಬೇಡಿ.

ಓದುವುದಕ್ಕೆ ಮುಂಚೆ ಎರಡು ಪದಗಳನ್ನು ಎದುರಿಗಿಟ್ಟುಕೊಳ್ಳಬೇಕು. ‘ಸುನ್ನತಿ’ ಎಂಬುದು ರೂಢಿ, ಮಾರ್ಗ ಎಂಬ ಅರ್ಥದ ಅರಬ್ಬೀ ಪದದಿಂದ ನಮಗೆ ಬಂದದ್ದು; ಆದ್ದರಿಂದ ಅದನ್ನು ಕೇಳಿದೊಡನೆ ಕನ್ನಡಿಗರ ಕಣ್ಣ ಮುಂದೆ ನೆರೆಮನೆಯ ಮುಸಲ್ಮಾನ ಹುಡುಗನ ಮುಂಜಿಯ ಸಮಾರಂಭ ನಿಲ್ಲುತ್ತದೆ. ಆ ಚಿತ್ರವನ್ನು ಸ್ವಲ್ಪ ಹೊತ್ತು ಬದಿಗಿರಿಸಿ. ಇಬ್ರಿಯ (ಹೀಬ್ರೂ) ಭಾಷೆಯಲ್ಲಿ ಈ ವಿಧಿಗೆ ‘ಬ್ರಿತ್ ಮಿಲಾ’ ಎಂದು ಹೆಸರು. ಅಂದರೆ ಮುಂದೊಗಲನ್ನು ತೆಗೆಯುವ ಕ್ರಿಯೆಯ ಹೆಸರಿಗಿಂತ ಮುಂಚೆ ‘ಬ್ರಿತ್’, ಎಂದರೆ ಒಡಂಬಡಿಕೆ, ಎಂಬ ಪದವೇ ಬರುತ್ತದೆ. ಆಡುಮಾತಿನಲ್ಲಿ ಯೆಹೂದ್ಯರು ‘ಬ್ರಿತ್’ ಅಥವಾ ‘ಬ್ರಿಸ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ.

‘ಒಡಂಬಡಿಕೆ’ ಎಂಬ ನಮ್ಮ ಪದ ಸುಂದರವಾದದ್ದು, ಆದರೆ ಅದೂ ಒಂದು ವಿಷಯವನ್ನು ಮರೆಮಾಡುತ್ತದೆ. ಒಡಂಬಡು ಎಂದರೆ ಒಪ್ಪಿಕೊಳ್ಳು. ಹೀಗಾಗಿ ಇಬ್ಬರು ಸರಿಸಮಾನವಾಗಿ ಕುಳಿತು ಕರಾರು ಮಾಡಿಕೊಂಡಂತೆ ನಮಗೆ ತೋರುತ್ತದೆ. ಇಬ್ರಿಯದಲ್ಲಿ ಒಡಂಬಡಿಕೆಯನ್ನು ‘ಮಾಡುವುದಿಲ್ಲ’, ‘ಕತ್ತರಿಸುತ್ತಾರೆ’. ‘ಕಾರತ್ ಬ್ರಿತ್’ ಎಂಬುದು ಅಲ್ಲಿನ ನುಡಿಗಟ್ಟು. ಭಾಷಾಂತರದಲ್ಲಿ ಕಳೆದುಹೋದ ಈ ‘ಕತ್ತರಿಸು’ ಎಂಬ ಕ್ರಿಯಾಪದವನ್ನು ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ, ಏಕೆಂದರೆ ಮುಂದಿನ ಎರಡು ಅಧ್ಯಾಯಗಳ ಕೀಲಿ ಅದರಲ್ಲಿದೆ.

ಮೊದಲ ದಿನ ಆದಿಕಾಂಡದ 15ನೆಯ ಅಧ್ಯಾಯವನ್ನು ಮಾತ್ರ ಓದಬೇಕು. ಮೂರು ವರ್ಷದ ಕಡಸು, ಮೇಕೆ, ಟಗರುಗಳನ್ನು ಅಬ್ರಾಮನು ಎರಡು ಹೋಳು ಮಾಡಿ ಎದುರುಬದುರಾಗಿ ಇಡುತ್ತಾನೆ, ಹಕ್ಕಿಗಳನ್ನು ಸೀಳುವುದಿಲ್ಲ. ಪ್ರಾಚೀನ ಕಾಲದಲ್ಲಿ ಒಪ್ಪಂದಕ್ಕೆ ಬದ್ಧನಾಗುವವನು ಇಂಥ ಹೋಳುಗಳ ನಡುವೆ ಹಾದುಹೋಗುತ್ತಿದ್ದನು. ಮಾತಿಗೆ ತಪ್ಪಿದರೆ ನನಗೂ ಈ ಗತಿ ಬರಲಿ ಎಂಬುದು ಅದರ ಅರ್ಥವೆಂಬುದನ್ನು ಯೆರೆಮೀಯನ 34ನೆಯ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಇಲ್ಲಿ ಆಗುವುದನ್ನು ನಿಧಾನವಾಗಿ ಗಮನಿಸಿ. ಅಬ್ರಾಮನಿಗೆ ಗಾಢ ನಿದ್ರೆ ಹತ್ತುತ್ತದೆ, ಕತ್ತಲೆ ಕವಿಯುತ್ತದೆ, ಹೋಳುಗಳ ನಡುವೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಹಾದುಹೋಗುತ್ತವೆ. ಅಬ್ರಾಮನು ಹಾದುಹೋಗುವುದಿಲ್ಲ. ಬದ್ಧನಾಗುವವನು ದೇವರೊಬ್ಬನೇ. ಇಡೀ ಬೈಬಲಿನಲ್ಲಿ ನನ್ನನ್ನು ಇಷ್ಟು ತಡೆದು ನಿಲ್ಲಿಸುವ ದೃಶ್ಯಗಳು ಹೆಚ್ಚಿಲ್ಲ. ಇದೇ ಅಧ್ಯಾಯದ 6ನೆಯ ವಚನದಲ್ಲಿ ಅಬ್ರಾಮನು ನಂಬಿದನೆಂದೂ ಆ ನಂಬಿಕೆ ನೀತಿಯೆಂದು ಎಣಿಸಲ್ಪಟ್ಟಿತೆಂದೂ ಇದೆ. ಅದಕ್ಕೆ ಗುರುತು ಹಾಕಿಡಿ. ಪೌಲನು ಇಲ್ಲಿಗೇ ಮರಳಿ ಬರುತ್ತಾನೆ.

ಎರಡನೆಯ ದಿನ 17ನೆಯ ಅಧ್ಯಾಯ. ಅಬ್ರಾಮನಿಗೆ ಈಗ 99 ವರ್ಷ. ಅವನು ಅಬ್ರಹಾಮನಾಗುತ್ತಾನೆ, ಸಾರಯಳು ಸಾರಳಾಗುತ್ತಾಳೆ, ಸುನ್ನತಿಯ ಆಜ್ಞೆ ಬರುತ್ತದೆ. ಪೆನ್ಸಿಲ್ ಹಿಡಿದು ‘ಒಡಂಬಡಿಕೆ’ ಎಂಬ ಪದ ಬಂದಲ್ಲೆಲ್ಲ ಗೆರೆ ಎಳೆಯಿರಿ. ಇಬ್ರಿಯ ಮೂಲದಲ್ಲಿ ಈ ಒಂದೇ ಅಧ್ಯಾಯದಲ್ಲಿ ‘ಬ್ರಿತ್’ 13 ಸಲ ಬರುತ್ತದೆ, ಮತ್ತು ಸುನ್ನತಿ ದೊಡ್ಡದು, ಅದರ ವಿಷಯವಾಗಿ 13 ಒಡಂಬಡಿಕೆಗಳಾದವು ಎಂದು ಯೆಹೂದ್ಯರ ಪ್ರಾಚೀನ ನಿಯಮಸಂಗ್ರಹವಾದ ಮಿಷ್ನಾದಲ್ಲಿ ರಬ್ಬಿಗಳು, ಅಂದರೆ ಧರ್ಮಗುರುಗಳು, ಹೇಳುವುದು ಇದನ್ನು ಎಣಿಸಿಯೇ. ಆ ಮೇಲೆ 11ನೆಯ ವಚನಕ್ಕೆ ಹಿಂದಿರುಗಿ, ಸುನ್ನತಿಯನ್ನು ಅಲ್ಲಿ ಒಡಂಬಡಿಕೆಯ ‘ಗುರುತು’ ಎಂದು ಕರೆದಿರುವುದನ್ನು ನೋಡಿ. ನೋಹನಿಗೆ ಮೋಡದಲ್ಲಿನ ಮಳೆಬಿಲ್ಲು, ಇಸ್ರಾಯೇಲ್ಯರಿಗೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್, ಇವಕ್ಕೂ ಇದೇ ಪದವಿದೆ. 14ನೆಯ ವಚನದಲ್ಲಿ, ಸುನ್ನತಿಯಿಲ್ಲದವನು ತನ್ನ ಜನರಿಂದ ‘ಕತ್ತರಿಸಲ್ಪಡುವನು’ ಎನ್ನುವಾಗ ಮೂಲದಲ್ಲಿರುವುದು ನಾವು ಮೊದಲ ಸಾಲಿನಲ್ಲಿ ಬರೆದುಕೊಂಡ ಅದೇ ಕ್ರಿಯಾಪದ.

ಸುನ್ನತಿಯನ್ನು ಅಬ್ರಹಾಮನ ವಂಶವೇ ಕಂಡುಹಿಡಿಯಿತೆಂದು ಭಾವಿಸಬಾರದು. ಈಜಿಪ್ಟಿನ ಸಕ್ಕಾರಾದಲ್ಲಿ ಅಂಖ್‌ಮಹೋರ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ, ಇಂದಿಗೆ 4,000 ವರ್ಷಗಳಿಗೂ ಹಿಂದೆ, ಸುನ್ನತಿಯ ದೃಶ್ಯವೆಂದು ಸಾಮಾನ್ಯವಾಗಿ ಗುರುತಿಸಲಾಗುವ ಚಿತ್ರವನ್ನು ಕೆತ್ತಲಾಗಿದೆ. ಅಲ್ಲಿರುವವರು ಬೆಳೆದವರು, ಶಿಶುಗಳಲ್ಲ. ಆದಿಕಾಂಡ ತಂದ ಬದಲಾವಣೆ ಎಂಟನೆಯ ದಿನದ್ದು. ಯಜಮಾನನ ಮಗನಿಗೂ, ಹಣಕೊಟ್ಟು ತಂದ ಆಳಿಗೂ ಒಂದೇ ಗುರುತು ಎಂಬುದೂ ಅಷ್ಟೇ ಗಮನಾರ್ಹ. ಇದನ್ನು ಉಪನಯನಕ್ಕೆ ಹೋಲಿಸುವ ಆಸೆ ನಮ್ಮಲ್ಲಿ ಹಲವರಿಗೆ ಸಹಜವಾಗಿ ಹುಟ್ಟುತ್ತದೆ, ‘ಮುಂಜಿ’ ಎಂಬ ಒಂದೇ ಪದ ಎರಡಕ್ಕೂ ಬಳಕೆಯಲ್ಲಿರುವುದೂ ಅದಕ್ಕೆ ಕಾರಣ. ಹೋಲಿಕೆ ಅಷ್ಟು ದೂರ ಹೋಗುವುದಿಲ್ಲ. ಉಪನಯನದ ವಟು ಕಲಿಯಲು ಸಿದ್ಧನಾದವನು. ಎಂಟು ದಿನದ ಕೂಸಿಗೆ ಏನೂ ತಿಳಿಯದು, ಅದು ಏನನ್ನೂ ಒಪ್ಪಿಕೊಂಡಿಲ್ಲ, ಆದರೂ ಅದು ಒಡಂಬಡಿಕೆಯ ಒಳಗಿದೆ. 15ನೆಯ ಅಧ್ಯಾಯದಲ್ಲಿ ಅಬ್ರಾಮನು ನಿದ್ರಿಸುತ್ತಿದ್ದುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಮೂರನೆಯ ಓದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಅವಸರಪಡುವವರು ಬಿಟ್ಟುಬಿಡುವುದೂ ಇದನ್ನೇ. ಧರ್ಮೋಪದೇಶಕಾಂಡ 10:16ರಲ್ಲಿ ಮೋಶೆಯು ಜನರಿಗೆ ನಿಮ್ಮ ಹೃದಯಕ್ಕೆ ಸುನ್ನತಿ ಮಾಡಿಕೊಳ್ಳಿ ಎನ್ನುತ್ತಾನೆ. 30:6ರಲ್ಲಿ ದೇವರೇ ನಿಮ್ಮ ಹೃದಯಕ್ಕೂ ನಿಮ್ಮ ಸಂತತಿಯ ಹೃದಯಕ್ಕೂ ಸುನ್ನತಿ ಮಾಡುವನು ಎಂಬ ವಾಗ್ದಾನವಿದೆ. ಇವೆರಡರಲ್ಲಿ ಕ್ರಿಯೆಯ ಕರ್ತೃ ಯಾರು ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಯಾಜಕಕಾಂಡ 26:41ರಲ್ಲಿ ಸುನ್ನತಿಯಿಲ್ಲದ ಹೃದಯ, ವಿಮೋಚನಕಾಂಡ 6:12ರಲ್ಲಿ ಮೋಶೆಯ ಸುನ್ನತಿಯಿಲ್ಲದ ತುಟಿಗಳು, ಯೆರೆಮೀಯ 6:10ರಲ್ಲಿ ಸುನ್ನತಿಯಿಲ್ಲದ ಕಿವಿಗಳು ಬರುತ್ತವೆ. ಕನ್ನಡ ಭಾಷಾಂತರ ಕೆಲವೆಡೆ ಈ ರೂಪಕವನ್ನು ಬಿಡಿಸಿ ಅರ್ಥವನ್ನಷ್ಟೇ ಕೊಟ್ಟಿರಬಹುದು. ಅಲ್ಲಿ ಅಂಚಿನಲ್ಲಿ ಮೂಲದ ಮಾತನ್ನು ಬರೆದುಕೊಳ್ಳಬೇಕು. ಯೆರೆಮೀಯನ 9ನೆಯ ಅಧ್ಯಾಯದ ಕೊನೆಯ ಎರಡು ವಚನಗಳು ಇನ್ನೂ ತೀಕ್ಷ್ಣ. ಐಗುಪ್ತ, ಎದೋಮ್, ಅಮ್ಮೋನ್, ಮೋವಾಬುಗಳ ಸಾಲಿನಲ್ಲಿಯೇ ಯೆಹೂದವನ್ನೂ ನಿಲ್ಲಿಸಿ, ದೇಹದಲ್ಲಿ ಸುನ್ನತಿಯಿದ್ದೂ ಹೃದಯದಲ್ಲಿ ಇಲ್ಲದವರಿಗೆ ಬರುವ ದಂಡನೆಯನ್ನು ಪ್ರವಾದಿ ಸಾರುತ್ತಾನೆ. ಹೃದಯದ ಸುನ್ನತಿ ಕ್ರೈಸ್ತರು ಆಮೇಲೆ ತಂದ ವಿಚಾರವಲ್ಲ, ಅದು ತೋರಾದ, ಅಂದರೆ ಮೋಶೆಯ ಐದು ಗ್ರಂಥಗಳ, ಒಳಗಿನಿಂದಲೇ ಎದ್ದ ಮಾತು. ತೋರಾ ಹೃದಯವನ್ನು ಕೇಳಿದಾಗ ದೇಹದ ಗುರುತನ್ನು ಕೈಬಿಡಲಿಲ್ಲ ಎಂಬುದೂ ಅಷ್ಟೇ ನಿಜ.

ಇದೇ ದಿನ ಯೆಹೋಶುವ 5ನೆಯ ಅಧ್ಯಾಯವನ್ನು, ಅಂದರೆ ಗಿಲ್ಗಾಲಿನಲ್ಲಿ ಕಲ್ಲಿನ ಚೂರಿಗಳಿಂದ ನಡೆದ ಸುನ್ನತಿಯನ್ನು, ಮತ್ತು ಆದಿಕಾಂಡ 34ನ್ನು ಓದಿಕೊಳ್ಳಬಹುದು. ಶೆಕೆಮಿನಲ್ಲಿ ಯಾಕೋಬನ ಮಕ್ಕಳು ಪವಿತ್ರ ಗುರುತನ್ನು ಮೋಸದ ಕೊಲೆಗೆ ಸಾಧನವಾಗಿ ಮಾಡಿಕೊಂಡದ್ದನ್ನು ಗ್ರಂಥ ಮುಚ್ಚಿಡುವುದಿಲ್ಲ. ಕಥೋಲಿಕ ಬೈಬಲ್ ಇರುವವರು ಮಕ್ಕಬಿಯರ ಮೊದಲನೆಯ ಗ್ರಂಥದ ಮೊದಲ ಅಧ್ಯಾಯವನ್ನೂ ನೋಡಬೇಕು. ಕ್ರಿ.ಪೂ. 167ರ ಸುಮಾರಿಗೆ ಸಿರಿಯಾದ ಗ್ರೀಕ್ ಅರಸನಾದ ನಾಲ್ಕನೆಯ ಅಂತಿಯೋಕನು ಸುನ್ನತಿಯನ್ನು ನಿಷೇಧಿಸಿದಾಗ, ಮಕ್ಕಳಿಗೆ ಅದನ್ನು ಮಾಡಿಸಿದ ತಾಯಂದಿರನ್ನು ಕೂಸುಗಳ ಸಮೇತ ಕೊಲ್ಲಲಾಯಿತೆಂದು ಅಲ್ಲಿದೆ. ಯೆಹೂದ್ಯರಿಗೆ ಈ ಗುರುತು ಪ್ರಾಣಕ್ಕೆ ಸಮನಾದದ್ದು ಹೇಗೆಂಬುದು ಇದನ್ನು ಓದಿದವರಿಗೆ ಅರಿವಾಗುತ್ತದೆ.

ನಾಲ್ಕನೆಯ ಸಲ ಗ್ರಂಥವನ್ನು ಮುಚ್ಚಿ, ಇಂದಿಗೂ ನಡೆಯುವ ವಿಧಿಯನ್ನು ತಿಳಿದುಕೊಳ್ಳಿ. ಹುಟ್ಟಿದ ದಿನವನ್ನೂ ಸೇರಿಸಿ ಎಂಟು ಎಣಿಸಬೇಕು, ಮತ್ತು ಯೆಹೂದ್ಯರ ದಿನ ಸೂರ್ಯಾಸ್ತಕ್ಕೆ ಆರಂಭವಾಗುತ್ತದೆ. ಸೋಮವಾರ ಮಧ್ಯಾಹ್ನ ಹುಟ್ಟಿದ ಮಗುವಿಗೆ ಮುಂದಿನ ಸೋಮವಾರ, ಅದೇ ಸೋಮವಾರ ರಾತ್ರಿ ಹುಟ್ಟಿದ ಮಗುವಿಗೆ ಮುಂದಿನ ಮಂಗಳವಾರ ಬ್ರಿತ್. ಸಹಜವಾಗಿ ಹುಟ್ಟಿದ ಮಗುವಿಗೆ ಎಂಟನೆಯ ದಿನ ಸಬ್ಬತ್ತಿಗೆ ಬಿದ್ದರೂ ವಿಧಿ ನಿಲ್ಲುವುದಿಲ್ಲ. ಮಗುವಿಗೆ ಕಾಯಿಲೆಯಿದ್ದರೆ ಮಾತ್ರ ಗುಣವಾಗುವ ತನಕ ಮುಂದೂಡಲೇಬೇಕು. ಇಬ್ಬರು ಗಂಡುಮಕ್ಕಳು ಸುನ್ನತಿಯಿಂದ ಸತ್ತಿದ್ದರೆ ಮೂರನೆಯವನಿಗೆ ಮಾಡಬಾರದು ಎಂಬ ನಿಯಮ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿಯೇ ಇದೆ. ವಿಧಿ ನಡೆಸುವವನು ‘ಮೊಹೆಲ್’, ಮಗುವನ್ನು ತೊಡೆಯ ಮೇಲೆ ಹಿಡಿಯುವವನು ‘ಸಂದಕ್’. ಇಸ್ರಾಯೇಲ್ಯರು ಒಡಂಬಡಿಕೆಯನ್ನು ತೊರೆದರೆಂದು ಒಮ್ಮೆ ದೂರಿದ ಪ್ರವಾದಿ ಎಲೀಯನು ಪ್ರತಿಯೊಂದು ಬ್ರಿತ್‌ಗೂ ಸಾಕ್ಷಿಯಾಗಿ ಬರುತ್ತಾನೆಂಬ ನಂಬಿಕೆಯಿಂದ ಅವನಿಗಾಗಿ ಒಂದು ಕುರ್ಚಿಯನ್ನು ಮೀಸಲಿಡುತ್ತಾರೆ. ಮಗು ಒಡಂಬಡಿಕೆಯೊಳಗೆ ಬಂದಂತೆಯೇ ತೋರಾದ ಕಲಿಕೆಗೂ ಮದುವೆಯ ಚಪ್ಪರಕ್ಕೂ ಸತ್ಕಾರ್ಯಗಳಿಗೂ ಬರಲಿ ಎಂದು ನೆರೆದವರು ಹರಸುತ್ತಾರೆ, ಹೆಸರಿಡುವುದು ಆಗಲೇ. ಹೆಣ್ಣುಮಕ್ಕಳಿಗೆ ಯೆಹೂದ್ಯ ಧರ್ಮದಲ್ಲಿ ಇಂಥ ಯಾವ ಛೇದನವೂ ಇಲ್ಲ. ಅವರಿಗೆ ಆಶೀರ್ವಾದದೊಡನೆ ಹೆಸರಿಡುತ್ತಾರೆ. ಯೆಹೂದ್ಯ ತಾಯಿಗೆ ಹುಟ್ಟಿದ ಗಂಡುಮಗು ಸುನ್ನತಿಯಾಗದಿದ್ದರೂ ಯೆಹೂದ್ಯನೇ. ನಮ್ಮ ನೆರೆಯ ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲ್ ಸಮುದಾಯದವರು, ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣಕ್ಕೆ ‘ಶನಿವಾರ ತೇಲಿ’ಗಳೆಂದು ಕರೆಸಿಕೊಂಡವರು, ಉಳಿದ ಯೆಹೂದ್ಯ ಲೋಕದ ಸಂಪರ್ಕ ತಪ್ಪಿದ್ದ ಕಾಲದಲ್ಲಿಯೂ ಸಬ್ಬತ್ತಿನೊಡನೆ ಕಾಪಾಡಿಕೊಂಡು ಬಂದ ಕೆಲವೇ ಆಚಾರಗಳಲ್ಲಿ ಸುನ್ನತಿಯೂ ಒಂದು.

ಈಗ ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಗೆ ಹೋಗಬಹುದು. ಲೂಕ 2:21ರಿಂದ ಆರಂಭಿಸಿ: ಎಂಟನೆಯ ದಿನ ಯೇಸುವಿಗೆ ಸುನ್ನತಿಯಾಯಿತು, ಹೆಸರಿಡಲಾಯಿತು. ಕ್ರಿಸ್ಮಸ್ಸಿನಿಂದ ಎಂಟನೆಯ ದಿನವಾದ ಜನವರಿ 1ನ್ನು ಅನೇಕ ಸಭೆಗಳು ಶತಮಾನಗಳ ಕಾಲ ಕರ್ತನ ಸುನ್ನತಿಯ ಹಬ್ಬವಾಗಿ ಆಚರಿಸಿದ್ದು ಇದರಿಂದಲೇ. ಯೋಹಾನ 7:22-23ರಲ್ಲಿ ಯೇಸು ಸಬ್ಬತ್ತಿನಲ್ಲಿಯೂ ಸುನ್ನತಿ ನಡೆಯುವುದನ್ನು ಆಧಾರವಾಗಿಟ್ಟುಕೊಂಡು ವಾದಿಸುತ್ತಾನೆ. ನಾಲ್ಕನೆಯ ದಿನ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅನಂತರ ಅಪೊಸ್ತಲರ ಕೃತ್ಯಗಳು 15. ಯೂದಾಯದಿಂದ ಅಂತಿಯೋಕ್ಯಕ್ಕೆ ಬಂದ ಕೆಲವರು ಸುನ್ನತಿಯಿಲ್ಲದೆ ರಕ್ಷಣೆಯಿಲ್ಲ ಎಂದು ಬೋಧಿಸಿದ್ದರಿಂದ ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಸಭೆ ಸೇರುತ್ತದೆ, ಮತ್ತು ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳ ಮೇಲೆ ಆ ಭಾರವನ್ನು ಹೊರಿಸಬಾರದೆಂದು ತೀರ್ಮಾನವಾಗುತ್ತದೆ. ಅಲ್ಲಿ ಚರ್ಚೆಯಾದದ್ದು ಅನ್ಯಜನರ ವಿಷಯ. ಯೆಹೂದ್ಯರು ತಮ್ಮ ಮಕ್ಕಳಿಗೆ ಸುನ್ನತಿ ಮಾಡಿಸಬಾರದೆಂದು ಯಾರೂ ಹೇಳಲಿಲ್ಲ. ಮುಂದಿನ ಅಧ್ಯಾಯದಲ್ಲಿಯೇ ಪೌಲನು, ಯೆಹೂದ್ಯ ತಾಯಿಯ ಮಗನಾದ ತಿಮೊಥೆಗೆ ಸುನ್ನತಿ ಮಾಡಿಸುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಗ್ರೀಕನಾದ ತೀತನಿಗೆ ಬಲವಂತವಿಲ್ಲ. ಈ ಎರಡು ಹೆಸರುಗಳನ್ನು ಅಕ್ಕಪಕ್ಕ ಬರೆದುಕೊಂಡವರಿಗೆ ಪೌಲನು ಯಾವುದಕ್ಕೆ ವಿರೋಧವಾಗಿದ್ದನೆಂಬುದು ಅರ್ಥವಾಗುತ್ತದೆ.

ಆಮೇಲೆ ಗಲಾತ್ಯದವರಿಗೆ 3 ಮತ್ತು 5, ರೋಮಾಪುರದವರಿಗೆ 2:25ರಿಂದ 4ನೆಯ ಅಧ್ಯಾಯದ ಕೊನೆಯವರೆಗೆ ಓದಿ. ಅಂತರಂಗದಲ್ಲಿ ಯೆಹೂದ್ಯನಾದವನೇ ಯೆಹೂದ್ಯನು ಎಂಬ ಮಾತು ಬಂದಾಗ ಮೋಶೆಯೂ ಯೆರೆಮೀಯನೂ ಹಿಂದೆ ನಿಂತಿರುವುದು ಈಗ ನಿಮಗೆ ಕಾಣುತ್ತದೆ. 4ನೆಯ ಅಧ್ಯಾಯದಲ್ಲಿ ಪೌಲನು ಕೇಳುವುದು ಸರಳವಾದ ಪ್ರಶ್ನೆ: ನಂಬಿಕೆ ನೀತಿಯೆಂದು ಎಣಿಸಲ್ಪಟ್ಟದ್ದು ಸುನ್ನತಿಗೆ ಮೊದಲೋ, ಆಮೇಲೋ? ಲೆಕ್ಕವನ್ನು ನೀವೇ ಹಾಕಿ. ನಡುವಿನ 16ನೆಯ ಅಧ್ಯಾಯದಲ್ಲಿ ಮಗ ಇಷ್ಮಾಯೇಲನು ಹುಟ್ಟಿದಾಗ ಅಬ್ರಾಮನಿಗೆ 86 ವರ್ಷ, ಸುನ್ನತಿಯಾದಾಗ 99. ಎಂದರೆ 15ನೆಯ ಅಧ್ಯಾಯಕ್ಕೂ 17ಕ್ಕೂ ಕನಿಷ್ಠ 13 ವರ್ಷಗಳ ಅಂತರ. ಆದ್ದರಿಂದ ಸುನ್ನತಿಯು ಮೊದಲೇ ಇದ್ದ ನಂಬಿಕೆಗೆ ಒತ್ತಿದ ಮುದ್ರೆ ಎಂದು ಪೌಲನು ಹೇಳುತ್ತಾನೆ. ಯೆಹೂದ್ಯ ಓದುಗರು ಈ ವಾದವನ್ನು ಒಪ್ಪುವುದಿಲ್ಲ. ಮುಂಚೆ ನಂಬಿದ ಅಬ್ರಹಾಮನಿಗೇ ಆಮೇಲೆ ಆಜ್ಞೆ ಬಂದಿತು, ಅವನು ಅದೇ ದಿನ ಅದನ್ನು ನೆರವೇರಿಸಿದನು ಎಂಬ ಉತ್ತರಕ್ಕೂ ಅದೇ ಗ್ರಂಥದಲ್ಲಿ ಆಧಾರವಿದೆ. ಎರಡೂ ವಾದಗಳನ್ನು ಅವರವರ ಮಾತಿನಲ್ಲಿಯೇ ಬರೆದುಕೊಳ್ಳುವುದು ಪ್ರಾಮಾಣಿಕ ಓದಿನ ಲಕ್ಷಣ.

ಕೊಲೊಸ್ಸೆಯವರಿಗೆ 2:11-12ರಲ್ಲಿ ಕೈಯಿಂದ ಮಾಡದ ಸುನ್ನತಿಯ ಪಕ್ಕದಲ್ಲಿ ದೀಕ್ಷಾಸ್ನಾನ ಬರುತ್ತದೆ. ಮೂರನೆಯ ಶತಮಾನದ ಮಧ್ಯದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನನ ಕಾಲಕ್ಕೆ, ಶಿಶುವಿಗೆ ದೀಕ್ಷಾಸ್ನಾನ ಕೊಡಲು ಎಂಟನೆಯ ದಿನದವರೆಗೆ ಕಾಯಬೇಕೆ ಎಂಬ ಪ್ರಶ್ನೆ ಎದ್ದು, ಕಾಯಬೇಕಿಲ್ಲವೆಂದು ಬಿಷಪರ ಸಭೆ ಉತ್ತರಿಸಿತು. ಕರ್ನಾಟಕದಲ್ಲಿ ಕಥೋಲಿಕರೂ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರೂ ಶಿಶುಗಳಿಗೆ ದೀಕ್ಷೆ ಕೊಡುವಾಗ, ಬ್ಯಾಪ್ಟಿಸ್ಟರೂ ಪೆಂಟೆಕೊಸ್ಟಲರೂ ಸ್ವಂತ ನಂಬಿಕೆ ಹೇಳಬಲ್ಲವರಿಗೆ ಮಾತ್ರ ಕೊಡುವಾಗ, ನಡೆಯುತ್ತಿರುವುದು ಎಂಟು ದಿನದ ಆ ಕೂಸಿನ ಬಗೆಗಿನ ಹಳೆಯ ಚರ್ಚೆಯೇ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಲ್ಲಾದರೋ ಗಂಡುಮಕ್ಕಳಿಗೆ ಎಂಟನೆಯ ದಿನ ಸುನ್ನತಿ ಮಾಡಿಸಿ, ಆಮೇಲೆ ದೀಕ್ಷಾಸ್ನಾನವನ್ನೂ ಕೊಡುವ ವಾಡಿಕೆಯಿದೆ.

ಕೊನೆಯ ಓದಿಗೆ ಮೂರು ಭಾಗಗಳು ಸಾಕು. ಯೆರೆಮೀಯ 31:31-34ರಲ್ಲಿ ಇಸ್ರಾಯೇಲ್ ಮತ್ತು ಯೆಹೂದ ವಂಶಗಳಿಗೆ ಹೊಸ ಒಡಂಬಡಿಕೆಯ ವಾಗ್ದಾನವಿದೆ, ಧರ್ಮೋಪದೇಶವನ್ನು ಅಲ್ಲಿ ಹೃದಯದಲ್ಲಿ ಬರೆಯಲಾಗುತ್ತದೆ. ಲೂಕ 22:20ರಲ್ಲಿ ಯೇಸು ಪಾತ್ರೆಯನ್ನು ಹಿಡಿದು ಅದೇ ಮಾತನ್ನು ತನ್ನ ರಕ್ತಕ್ಕೆ ಸೇರಿಸಿ ಹೇಳುತ್ತಾನೆ. ರೋಮಾಪುರದವರಿಗೆ 11:29ರಲ್ಲಿ ಪೌಲನೇ, ಇಸ್ರಾಯೇಲ್ಯರ ವಿಷಯದಲ್ಲಿ, ದೇವರು ಕೊಟ್ಟ ವರಗಳೂ ಕರೆಯೂ ಹಿಂತೆಗೆದುಕೊಳ್ಳುವಂಥವಲ್ಲ ಎನ್ನುತ್ತಾನೆ. ಇವನ್ನು ಓದಿ ಮುಗಿಸಿದ ಮೇಲೆ ಆದಿಕಾಂಡ 17:7ಕ್ಕೆ ಹಿಂದಿರುಗಿ, ಅಲ್ಲಿ ಒಡಂಬಡಿಕೆಗೆ ಸೇರಿಸಿರುವ ‘ನಿತ್ಯವಾದ’ ಎಂಬ ವಿಶೇಷಣದ ಕೆಳಗೆ ಇನ್ನೊಂದು ಗೆರೆ ಎಳೆಯಿರಿ.